ಐದೂವರೆ ಲಕ್ಷದಲ್ಲಿ ಹಳೇ ಡೀಸೆಲ್ ಪಿಕಪ್: ಮೊದಲು ಚಾಸಿ ನೋಡಿ

ಹಳೇ ಪಿಕಪ್ ನೋಡೋಕೆ ಹೋದವರು ಮೊದಲು ಮಾಡುವ ಕೆಲಸ ಬಾನೆಟ್ ಎತ್ತಿಸುವುದು. ಎಂಜಿನ್ ಸದ್ದು ಕೇಳುತ್ತಾರೆ, ನಾಲ್ಕು ಸಲ ಎಕ್ಸಲೇಟರ್ ಒತ್ತಿಸುತ್ತಾರೆ, 'ಗಾಡಿ ಸೂಪರ್ ಆಗಿದೆ' ಅಂತ ತಲೆಯಾಡಿಸಿ ರೇಟಿನ ಮಾತಿಗೆ ಕೂರುತ್ತಾರೆ. ನನ್ನ ಪ್ರಕಾರ ಎಂಜಿನ್ ನೋಡುವುದು ಆಮೇಲಿನ ಕೆಲಸ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಮೊದಲು ಗಾಡಿಯ ಕೆಳಗೆ ತೂರಬೇಕು. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಅದಕ್ಕೊಂದು ಲೆಕ್ಕ ಇದೆ, ಊರಲ್ಲಿ ಮಾಡುವವರೂ ಇದ್ದಾರೆ. ಚಾಸಿ, ಅಂದರೆ ಇಡೀ ಗಾಡಿ ಕೂತಿರುವ ಕೆಳಗಿನ ಕಬ್ಬಿಣದ ಚೌಕಟ್ಟು, ಒಂದು ಸಲ ಬಿರುಕು ಬಿಟ್ಟು ವೆಲ್ಡಿಂಗ್ ಕಂಡಿತು ಅಂದರೆ ಆ ಗಾಡಿ ಮೇಲೆ ನೀವು ಎಷ್ಟು ಸುರಿದರೂ ಸಾಲಲ್ಲ.

ನಾವು ಚಿಂತಾಮಣಿ ಕಡೆಯವರು. ಟೊಮೆಟೊ, ಬೀನ್ಸ್ ಬೆಳೆಯುತ್ತೇವೆ. ಚಿಂತಾಮಣಿ ಮಾರುಕಟ್ಟೆ ಇದೆ, ಕೋಲಾರ ಎಪಿಎಂಸಿ ಇದೆ, ಮುಳಬಾಗಿಲು ಕಡೆ ವಡ್ಡಹಳ್ಳಿ ಇದೆ, ರೇಟ್ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಬೇಕು. ಬಾಡಿಗೆ ಗಾಡಿ ಇಟ್ಟುಕೊಂಡರೆ ಆ ಆಯ್ಕೆ ನಮ್ಮ ಕೈಯಲ್ಲಿ ಇರಲ್ಲ. ಸೀಜನ್ ಬಂತು ಅಂದರೆ ಗಾಡಿಯವರು ಒಂದೇ ಸಲ ಮೂರು ತೋಟಕ್ಕೆ ಮಾತು ಕೊಟ್ಟಿರುತ್ತಾರೆ. ಬಿಡಿಸಿದ ಹಣ್ಣು ಬಿಸಿಲಲ್ಲಿ ಕೂತರೆ ನಷ್ಟ ನಮ್ಮದು, ಅವರದ್ದಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ಅರ್ಧ ದಿನ ತಡವಾದರೂ ಎದೆ ಒಡೆದು ಹೋಗುತ್ತಿತ್ತು. ಅಂಥ ರೇಟ್ ವರ್ಷಾ ವರ್ಷಾ ಬರಲ್ಲ ನಿಜ. ಆದರೆ ಬಾಕ್ಸ್ ನೂರು ರೂಪಾಯಿಗೆ ಇಳಿದಾಗ ಬಾಡಿಗೆಯೇ ಲಾಭ ತಿನ್ನುತ್ತದೆ. ಎರಡು ಕಡೆಯಿಂದಲೂ ಸ್ವಂತ ಗಾಡಿ ಬೇಕು ಅನ್ನಿಸಿತು.

ನನ್ನ ಬಜೆಟ್ ಐದೂವರೆ ಲಕ್ಷ. ಇದು ಗಾಡಿಯ ರೇಟ್ ಅಲ್ಲ, ಒಟ್ಟು ಖರ್ಚು. ಇಲ್ಲಿ ಎಲ್ಲರೂ ಸ್ವಲ್ಪ ನಿಲ್ಲಬೇಕು. ಐದೂವರೆ ಇದೆ ಅಂತ ಐದೂವರೆಯ ಗಾಡಿ ತಂದರೆ ಮೊದಲ ತಿಂಗಳಲ್ಲೇ ಸಾಲ ಮಾಡಬೇಕಾಗುತ್ತದೆ. ಟೈರ್, ಬ್ಯಾಟರಿ, ಕ್ಲಚ್, ಇನ್ಶೂರೆನ್ಸ್, ಟ್ರಾನ್ಸ್‌ಫರ್, ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನುವ ಸರ್ಟಿಫಿಕೇಟ್), ಇವೆಲ್ಲ ಕೈ ಚಾಚಿ ನಿಂತಿರುತ್ತವೆ. ನಾನು ಐದರಲ್ಲಿ ಒಂದು ಭಾಗ ಮೊದಲೇ ತೆಗೆದಿಟ್ಟೆ, ಆ ದುಡ್ಡು ಇದೆ ಅನ್ನೋದನ್ನೇ ಬ್ರೋಕರ್‌ಗೆ ಹೇಳಲಿಲ್ಲ. ನಾಲ್ಕು ಲಕ್ಷ ನಲವತ್ತು ಸಾವಿರದ ಒಳಗೆ ಏನು ಸಿಗುತ್ತದೆ ನೋಡೋಣ ಅಂತ ಹೊರಟೆ.

ಯಾವ ಗಾಡಿ ಅನ್ನುವ ಪ್ರಶ್ನೆಗೆ ಉತ್ತರ ನಿಮ್ಮ ಲೋಡ್‌ನಲ್ಲೇ ಇದೆ. ಟಾಟಾ ಏಸ್ 2005ರಲ್ಲಿ ಬಂತು. ಆ ಹಳೇ ಏಸ್‌ನ 702 ಸಿಸಿ ಎರಡು ಸಿಲಿಂಡರ್ ಎಂಜಿನ್‌ನಲ್ಲಿ ಟರ್ಬೊ ಇಲ್ಲ, ಸೆನ್ಸರ್ ಗೋಜಿಲ್ಲ, ಯಾವ ಊರಿನ ಮೆಕ್ಯಾನಿಕ್ ಆದರೂ ಬಿಚ್ಚುತ್ತಾನೆ. ಊರೊಳಗೆ ಮುಕ್ಕಾಲು ಟನ್ ಹೊರುವುದಕ್ಕೆ ಅದಕ್ಕಿಂತ ಕಡಿಮೆ ಖರ್ಚಿನ ಗಾಡಿ ನಾನು ಕಂಡಿಲ್ಲ. ಆದರೆ ಲೋಡ್ ಹಾಕಿ ಹೈವೇ ಹತ್ತಿ ಏರು ಬಂದರೆ ಎರಡನೇ ಗೇರಿನಲ್ಲಿ ಅಳುತ್ತದೆ. ಅಶೋಕ್ ಲೇಲ್ಯಾಂಡ್ ದೋಸ್ತ್ 2011ರಲ್ಲಿ ಬಂತು, ಮೂರು ಸಿಲಿಂಡರ್, ಒಂದೂವರೆ ಲೀಟರ್ ಎಂಜಿನ್, ಒಂದೂಕಾಲು ಟನ್ ಹೊರುತ್ತದೆ, ಓಡಿಸುವುದಕ್ಕೆ ಹಗುರ, ಮೈಲೇಜ್ ಬೊಲೆರೊಗಿಂತ ಜಾಸ್ತಿ. ಡಾಂಬರು ರಸ್ತೆಯಲ್ಲೇ ನಿಮ್ಮ ಕೆಲಸ ಮುಗಿಯುತ್ತದೆ ಅಂದರೆ ಒಳ್ಳೆ ಗಾಡಿ, ಸುಮ್ನೆ ತೆಗೆದುಹಾಕಬೇಡಿ. ಟಾಟಾ 207 ಡಿಐ ಇನ್ನೂ ಓಡುತ್ತಿವೆ, ಕಬ್ಬಿಣದಂಥ ಗಾಡಿ, ಆದರೆ ಈಗ ಸಿಗುವವು ಬಹಳ ಹಳೆಯವು.

ನಾನು ಮಹೀಂದ್ರ ಬೊಲೆರೊ ಪಿಕಪ್ ಅಂತಲೇ ನಿರ್ಧಾರ ಮಾಡಿದ್ದೆ. 2523 ಸಿಸಿ, ನಾಲ್ಕು ಸಿಲಿಂಡರ್. ನಮ್ಮ ತೋಟಕ್ಕೆ ಹೋಗುವ ದಾರಿ ಮಳೆ ಬಂದರೆ ಕೆಸರು, ಬೇಸಿಗೆಯಲ್ಲಿ ಕಲ್ಲು. ಅಲ್ಲಿ ತುಂಬಿದ ಗಾಡಿ ಎತ್ತಿಕೊಂಡು ಬರಬೇಕಾದರೆ ಕಡಿಮೆ ಸ್ಪೀಡಿನಲ್ಲೇ ಎಳೆಯುವ ಎಂಜಿನ್ ಬೇಕು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ನಮ್ಮ ಹೋಬಳಿಯ ಗ್ಯಾರೇಜುಗಳಲ್ಲಿ ದಿನಾ ನಿಂತಿರುವ ಗಾಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಗಾಡಿ. ಸ್ಪೇರ್ ಪಾರ್ಟ್ಸ್ ಚಿಂತಾಮಣಿಯಲ್ಲೇ ಸಿಗುತ್ತವೆ. ಗಾಡಿ ಕೆಟ್ಟು ನಿಂತ ದಿನ ಬೆಂಗಳೂರಿಂದ ಸಾಮಾನು ಬರಲಿ ಅಂತ ಕಾಯುವ ಗಾಡಿ ಎಷ್ಟು ಚೆನ್ನಾಗಿದ್ದರೂ ರೈತನಿಗೆ ಆಗಿಬರಲ್ಲ. ನಿಮ್ಮೂರಲ್ಲಿ ದೋಸ್ತ್ ಜಾಸ್ತಿ ಇದ್ದರೆ ದೋಸ್ತ್ ತಗೊಳ್ಳಿ, ಇದಕ್ಕಿಂತ ಉದ್ದ ವಿಚಾರ ಮಾಡೋದು ಬೇಡ.

ಮಾಡೆಲ್ ವರ್ಷದ ಬಗ್ಗೆ ಒಂದು ಮಾತು. ಗಾಡಿ ಎಷ್ಟು ಹೊಗೆ ಬಿಡಬಹುದು ಅನ್ನುವ ನಿಯಮದಲ್ಲಿ 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್4 ಬಂತು, 2020ರ ಏಪ್ರಿಲ್‌ನಿಂದ ಬಿಎಸ್6. ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ವ್ಯವಸ್ಥೆ ದೊಡ್ಡದು. ಕೆಲವು ಗಾಡಿಗಳಿಗೆ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಕೆಲವಕ್ಕೆ ಯೂರಿಯಾ ನೀರು ಬೇರೆ ತುಂಬಿಸಬೇಕು. ಹೊಸದಾಗಿ ತಗೊಂಡವರಿಗೆ ವಾರಂಟಿ ಇರುತ್ತದೆ, ಅವರಿಗೆ ಚಿಂತೆ ಇಲ್ಲ. ದಿನಾ ಐದಾರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಆ ಫಿಲ್ಟರ್ ಬಿಸಿಯಾಗದೆ ಮಸಿ ಕಟ್ಟಿಕೊಳ್ಳುತ್ತದೆ, ಮೀಟರ್‌ನಲ್ಲಿ ಲೈಟ್ ಬರುತ್ತದೆ, ಸ್ಕ್ಯಾನರ್ ಇರುವ ಕಡೆಗೇ ಹೋಗಬೇಕು. ಕೆಲವರು ಫಿಲ್ಟರ್ ಕಿತ್ತು ಹಾಕಿಸಿ ಮಾರುತ್ತಾರೆ. ಅದು ಕಾನೂನಿಗೆ ವಿರುದ್ಧ, ಎಫ್‌ಸಿಯಲ್ಲಿ ಸಿಕ್ಕಿ ಬೀಳುವವರು ನೀವು. ಹಾಗಾಗಿ ನನ್ನಂಥ ಬಜೆಟ್‌ನವರಿಗೆ 2017ರಿಂದ 2019ರ ಬಿಎಸ್4 ಗಾಡಿ ಸರಿ. ಮೆಕ್ಯಾನಿಕ್‌ಗಳಿಗೆ ಕೈಗೆ ಕೂತಿದೆ, ವಯಸ್ಸೂ ತೀರಾ ಆಗಿಲ್ಲ. ದಿಲ್ಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಇರುವ ನಿರ್ಬಂಧ ನಮ್ಮಲ್ಲಿಲ್ಲ. ಆದರೆ ಗಾಡಿಗೆ ವಯಸ್ಸಾದಷ್ಟೂ ಎಫ್‌ಸಿ ಶುಲ್ಕ ಏರುತ್ತದೆ, ಅದನ್ನು ಲೆಕ್ಕಕ್ಕೆ ತಗೊಳ್ಳಿ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಮಾರುವವರನ್ನು ನಾನು ಕೇಳುವ ಮೊದಲ ಪ್ರಶ್ನೆ 'ಎಷ್ಟು ಕಿಲೋಮೀಟರ್ ಓಡಿದೆ' ಅನ್ನೋದಲ್ಲ. 'ಇದರಲ್ಲಿ ಏನು ಹೊರುತ್ತಿದ್ರಿ?' ಅಂತ ಕೇಳುತ್ತೇನೆ. ಮೀಟರ್ ತಿರುಗಿಸಬಹುದು, ಗಾಡಿ ಹೊತ್ತಿದ್ದನ್ನು ಮುಚ್ಚಿಡೋದು ಕಷ್ಟ. ವಾಟರ್ ಕ್ಯಾನ್ ಹೊತ್ತ ಗಾಡಿ ಜಾಸ್ತಿ ಓಡಿರಬಹುದು, ಲೋಡ್ ಮಾತ್ರ ಮಿತಿಯಲ್ಲಿರುತ್ತದೆ. ಹಾಲಿನ ಗಾಡಿ ದಿನಾ ಒಂದೇ ದಾರಿ, ಒಂದೇ ಸಮಯ, ಹೆಚ್ಚಾಗಿ ಒಬ್ಬನೇ ಡ್ರೈವರ್. ಅಂಥದ್ದು ಸಿಕ್ಕರೆ ಎರಡು ಲಕ್ಷ ಕಿಲೋಮೀಟರ್ ಆಗಿದ್ದರೂ ನಾನು ಹೆದರಲ್ಲ. ಹೂವಿನ ಗಾಡಿ ಹಗುರದ ಲೋಡೇ, ಆದರೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ ಮುಟ್ಟಬೇಕು ಅಂತ ರಾತ್ರಿ ಹೊಡೆದುಕೊಂಡು ಹೋಗಿರುತ್ತಾರೆ, ಎಂಜಿನ್ನೂ ಬ್ರೇಕೂ ಸವೆದಿರುತ್ತವೆ. ಕೋಳಿ ಗಾಡಿಯ ಹಿಂದಿನ ಬಾಡಿಯ ನೆಲ ಹಿಕ್ಕೆ ಬಿದ್ದು ತಿಂದು ಹೋಗಿರುತ್ತದೆ. ಮೀನಿನ ಗಾಡಿಯಂತೂ ಬೇಡವೇ ಬೇಡ. ಮಲ್ಪೆ, ಮಂಗಳೂರು ಕಡೆಯಿಂದ ಐಸ್ ಹಾಕಿ ತರುವ ಗಾಡಿಗಳಲ್ಲಿ ಉಪ್ಪಿನ ನೀರು ದಾರಿಯುದ್ದಕ್ಕೂ ಚಾಸಿ ಮೇಲೆ ಸುರಿಯುತ್ತಲೇ ಇರುತ್ತದೆ. ಹೊರಗೆ ಪೇಂಟ್ ಹೊಡೆದು ನಿಲ್ಲಿಸಿದರೆ ಏನೂ ಗೊತ್ತಾಗಲ್ಲ. ಹ್ಯಾಂಡ್ ಬ್ರೇಕ್ ಕೇಬಲ್ಲು, ಬ್ರೇಕ್ ಪೈಪು ಹಿಡಿದು ನೋಡಿದರೆ ತುಕ್ಕು ಕೈಗೆ ಉದುರುತ್ತದೆ.

ಅತಿ ಕೆಟ್ಟದ್ದು ಕ್ವಾರಿ ಕಡೆ ಓಡಿದ ಗಾಡಿ. ಎಂ ಸ್ಯಾಂಡ್, ಜಲ್ಲಿ, ಸೈಜ್ ಕಲ್ಲು. ಅಂಥ ಲೋಡನ್ನು ಯಾರೂ ತೂಕ ನೋಡಿ ತುಂಬಲ್ಲ. ನಾವು ಟೊಮೆಟೊದವರೂ ಕಡಿಮೆ ಇಲ್ಲ ಬಿಡಿ. 1.3 ಟನ್ ಹೊರುವ ಗಾಡಿಗೆ ಲೆಕ್ಕ ಹಾಕಿ ನೋಡಿ, 15 ಕೆಜಿ ಹಣ್ಣು, ಖಾಲಿ ಕ್ರೇಟ್ ಹತ್ತಿರ ಹತ್ತಿರ ಎರಡು ಕೆಜಿ, ಅಂದರೆ ಒಂದು ಬಾಕ್ಸ್ 17 ಕೆಜಿ. ಎಪ್ಪತ್ತಾರು ಬಾಕ್ಸ್‌ಗೆ ಮಿತಿ ಮುಗಿಯಿತು. ಮಾರ್ಕೆಟ್ ಗೇಟಿನಲ್ಲಿ ನಿಂತು ಎಣಿಸಿ, ಅದೇ ಗಾಡಿಯಲ್ಲಿ ನೂರ ಹತ್ತು ಬಾಕ್ಸ್ ಬರುತ್ತವೆ. ಅಂದರೆ ಹೆಚ್ಚು ಕಡಿಮೆ ಒಂದು ಮುಕ್ಕಾಲು ಟನ್‌ಗಿಂತ ಮೇಲೆ. ದಂಡದ ವಿಷಯ ಬೇರೆ, 2019ರ ತಿದ್ದುಪಡಿಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ ಅಂತ ಇದೆ, ಅದರ ಮೇಲೆ ಟನ್ನಿಗೆ ಎರಡೆರಡು ಸಾವಿರ. ನಾನು ಹೇಳುತ್ತಿರುವುದು ಆ ಭಾರ ಎಲ್ಲಿ ಹೋಗಿ ಕೂರುತ್ತದೆ ಅನ್ನೋದರ ಬಗ್ಗೆ. ಅದು ಹಿಂದಿನ ಕಮಾನ್ ಪಟ್ಟಿ (ಭಾರ ಹೊರುವ ಬಾಗಿದ ಸ್ಪ್ರಿಂಗ್ ಪಟ್ಟಿ) ಮೇಲೆ, ಆ ಪಟ್ಟಿ ಚಾಸಿಗೆ ಸೇರುವ ಬ್ರಾಕೆಟ್ ಮೇಲೆ, ಹಿಂದಿನ ಹೌಸಿಂಗ್ (ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚ) ಮೇಲೆ ಕೂರುತ್ತದೆ. ಬಿರುಕು ಶುರುವಾಗುವುದೂ ಅಲ್ಲೇ.

ಹೊಸಕೋಟೆ ಹತ್ತಿರ ಒಂದು ಗಾಡಿ ನೋಡಿದೆ. ಬಿಳಿ ಬಣ್ಣ, ಫಳ ಫಳ. ಸೀಟ್ ಕವರ್ ಹೊಸದು, ಡ್ಯಾಶ್‌ಬೋರ್ಡ್ ಮೇಲೆ ದೇವರ ಫೋಟೋ, ಎಂಜಿನ್ ಮೇಲೆ ಒಂದು ಹನಿ ಆಯಿಲ್ ಇಲ್ಲ, ತೊಳೆದು ಇಟ್ಟಿದ್ದಾರೆ. ನಾನು ಗೋಣಿಚೀಲ ಹಾಸಿಕೊಂಡು ಹಿಂದಿನ ಚಕ್ರದ ಹತ್ತಿರ ಮಲಗಿದೆ. ಚಾಸಿ ಪೂರ್ತಿ ಕಪ್ಪು ಪೇಂಟ್, ಹೊಸದು. ಹಳೇ ಗಾಡಿಯ ಚಾಸಿಗೆ ಹೊಸ ಪೇಂಟ್ ಯಾಕೆ ಅಲ್ವಾ? ಮೊಬೈಲ್ ಟಾರ್ಚ್ ಅಡ್ಡ ಹಿಡಿದು, ಕಮಾನ್ ಪಟ್ಟಿಯ ಮುಂದಿನ ಬ್ರಾಕೆಟ್ ಮೇಲಿನಿಂದ ಬೆರಳಾಡಿಸಿಕೊಂಡು ಬಂದೆ. ಎಲ್ಲ ಕಡೆ ನುಣುಪು, ಒಂದು ಕಡೆ ಮಾತ್ರ ಬೆರಳಿಗೆ ಉಬ್ಬು ಸಿಕ್ಕಿತು, ಕಿರುಬೆರಳಿನಷ್ಟು ಉದ್ದ, ಗಾಯದ ಮೇಲಿನ ಹೊಲಿಗೆಯ ಹಾಗೆ ಸಣ್ಣ ಸಣ್ಣ ಅಲೆ. ಉಗುರಿನಿಂದ ಕೆರೆದರೆ ಪೇಂಟ್ ಹೋಗಿ ವೆಲ್ಡಿಂಗ್ ಕಾಣಿಸಿತು. ಆಚೆ ಕಡೆ ಒಂದು ಕಬ್ಬಿಣದ ಪಟ್ಟಿಯನ್ನೇ ಇಟ್ಟು ಬೆಸೆದಿದ್ದರು. ಕಂಪನಿಯಿಂದ ಬಂದ ವೆಲ್ಡಿಂಗ್ ಎರಡೂ ಕಡೆ ಒಂದೇ ಜಾಗದಲ್ಲಿ, ಒಂದೇ ರೀತಿ ಇರುತ್ತದೆ. ಒಂದೇ ಕಡೆ ಇದ್ದರೆ ಅದು ಆಮೇಲೆ ಮಾಡಿಸಿದ್ದು. ಕೇಳಿದರೆ 'ಸೇಫ್ಟಿಗೆ ಮಾಡಿಸಿದ್ದು ಸಾರ್' ಅಂದರು. ಚಹಾ ಕುಡಿದು ಬಂದೆ.

ಕೆಳಗೆ ಮಲಗಿದಾಗಲೇ ಇನ್ನೂ ಮೂರು ನಾಲ್ಕು ನೋಡಿಬಿಡಿ. ಕಮಾನ್ ಪಟ್ಟಿಗಳನ್ನು ಎಣಿಸಿ, ಎರಡೂ ಕಡೆ ಒಂದೇ ಸಂಖ್ಯೆ ಇದೆಯಾ, ಹೆಚ್ಚುವರಿ ಪಟ್ಟಿ ಹಾಕಿಸಿದ್ದಾರಾ. ಹಾಕಿಸಿದ್ದರೆ ಓವರ್‌ಲೋಡ್ ಹೊಡೆದ ಗಾಡಿ ಅಂತಲೇ ಅರ್ಥ. ಹಿಂದೆ ಹತ್ತು ಹೆಜ್ಜೆ ದೂರ ನಿಂತು ನೋಡಿ, ಖಾಲಿ ಗಾಡಿ ಒಂದು ಕಡೆ ವಾಲಿರಬಾರದು. ಹೌಸಿಂಗ್ ಹತ್ತಿರ ಆಯಿಲ್ ಒಸರಿ ಧೂಳು ಮೆತ್ತಿಕೊಂಡಿದ್ದರೆ ಸೀಲ್ ಹೋಗಿದೆ, ಅದು ಸಣ್ಣ ಕೆಲಸ. ಓಡಿಸುವಾಗ 40-50 ಸ್ಪೀಡಿನಲ್ಲಿ ಹಿಂದಿನಿಂದ 'ಗುಂಯ್' ಅಂತ ಸದ್ದು ಬಂದು, ಎಕ್ಸಲೇಟರ್ ಬಿಟ್ಟ ತಕ್ಷಣ ಸದ್ದು ಬದಲಾದರೆ ಹೌಸಿಂಗ್ ಒಳಗಿನ ಹಲ್ಲಿನ ಚಕ್ರಗಳು, ಅಂದರೆ ಕ್ರೌನ್ ಪಿನಿಯನ್ ಸವೆದಿದೆ, ಅದು ದೊಡ್ಡ ಕೆಲಸ. ಚಾಸಿ ಮೇಲೆ ಪಂಚ್ ಮಾಡಿರುವ ನಂಬರನ್ನು ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಆ ಜಾಗದಲ್ಲಿ ಉಜ್ಜಿದ ಗುರುತು ಇದ್ದರೆ ಅಲ್ಲಿಂದ ಹೊರಟುಬಿಡಿ, ರೇಟ್ ಎಷ್ಟೇ ಕಡಿಮೆ ಇರಲಿ.

ಈಗ ಎಂಜಿನ್. ಡೀಸೆಲ್ ಎಂಜಿನ್ ನೋಡುವ ಸಮಯ ಬೆಳಗ್ಗೆ, ಅದು ತಣ್ಣಗಿರುವಾಗ. 'ಹತ್ತು ಗಂಟೆಗೆ ಬನ್ನಿ' ಅಂದರೆ ನೀವು ಏಳೂವರೆಗೆ ಹೋಗಿ, ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸೆಲ್ಫ್ ಹೊಡೆದಿದ್ದಾರೆ. ತಣ್ಣಗಿನ ಗಾಡಿ ಒಂದೆರಡು ಸೆಲ್ಫ್‌ಗೆ ಹಿಡಿಯಬೇಕು. ಹಿಡಿದ ಕೂಡಲೇ ಸ್ವಲ್ಪ ಬಿಳಿ ಹೊಗೆ ಬಂದು ಹೋದರೆ ತೊಂದರೆ ಇಲ್ಲ, ಬಿಸಿಯಾದ ಮೇಲೂ ಬರುತ್ತಲೇ ಇದ್ದರೆ ಇಂಜೆಕ್ಟರ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಏರಿನಲ್ಲಿ ಒತ್ತಿದಾಗ ಕಪ್ಪು ಹೊಗೆ ಜೋರಾಗಿದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಜಾಸ್ತಿ ಹೋಗುತ್ತಿದೆ. ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೊ ಪೈಪ್ ಬಿಟ್ಟಿರಬಹುದು, ಟರ್ಬೊನೇ ಹೋಗಿರಬಹುದು.

ನನಗೆ ತುಂಬ ನಂಬಿಕೆ ಇರುವ ಪರೀಕ್ಷೆ ಒಂದಿದೆ, ಖರ್ಚಿಲ್ಲದ್ದು. ಎಂಜಿನ್ ಬಿಸಿಯಾಗಿ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ, ಅದನ್ನು ತಲೆಕೆಳಗಾಗಿ ಅದೇ ಬಾಯಿ ಮೇಲೆ ಸುಮ್ನೆ ಇಡಿ. ಮುಚ್ಚಳ ಸಣ್ಣಗೆ ನಡುಗಿದರೆ ಸಹಜ. ಕುಣಿದು ಕೆಳಗೆ ಬೀಳುವಂತಿದ್ದರೆ, ಬಾಯಿಂದ ಬುಸು ಬುಸು ಹೊಗೆ ಬರುತ್ತಿದ್ದರೆ, ಪಿಸ್ಟನ್ ರಿಂಗ್ ಸವೆದು ಉರಿದ ಗಾಳಿ ಕೆಳಗೆ ಇಳಿಯುತ್ತಿದೆ ಅಂತ ಅರ್ಥ. ಅಂಥ ಎಂಜಿನ್ ಇವತ್ತಲ್ಲ ನಾಳೆ ಬಿಚ್ಚಲೇಬೇಕು, ನಮ್ಮ ಕಡೆ ಪೂರ್ತಿ ಬೋರ್ ಕೆಲಸಕ್ಕೆ ಅರವತ್ತು ಸಾವಿರದಿಂದ ಮೇಲೆ ಹೇಳುತ್ತಾರೆ. ಅದನ್ನು ರೇಟಿನಲ್ಲಿ ಕಳೆದು ಕೊಟ್ಟರೆ ಗಾಡಿ ತಗೊಳ್ಳಬಹುದು, ಚಾಸಿ ಚೆನ್ನಾಗಿದ್ದರೆ ಮಾತ್ರ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ, ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಹೆಡ್ ಬಿಚ್ಚುವ ಕೆಲಸ ಇದೆ. ಬಿಸಿ ಇದ್ದಾಗ ಖಂಡಿತ ತೆಗೆಯಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ. ಕಾಮನ್ ರೈಲ್ ಗಾಡಿಗಳಲ್ಲಿ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಎಂಜಿನ್) ಇಂಜೆಕ್ಟರ್ ಒಂದೊಂದೇ ಹತ್ತು ಸಾವಿರ ದಾಟುತ್ತದೆ, ನಾಲ್ಕು ಇವೆ. ಆದ್ದರಿಂದ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗಿ. ಅವನ ಅರ್ಧ ದಿನದ ಕೂಲಿ ಕೊಡೋಕೆ ಹಿಂದೆ ಮುಂದೆ ನೋಡಬೇಡಿ. ಒಂದೇ ಷರತ್ತು, ಬ್ರೋಕರ್ ತೋರಿಸಿದ ಮೆಕ್ಯಾನಿಕ್ ಬೇಡ, ನಿಮ್ಮವನೇ ಆಗಿರಲಿ.

ಕ್ಲಚ್ ನೋಡುವುದು ಸುಲಭ. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಒತ್ತಿದಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ ಅಂದರೆ ಸ್ಲಿಪ್ ಆಗುತ್ತಿದೆ. ಆಗುವುದಾದರೆ ಲೋಡ್ ಹಾಕಿಸಿಯೇ ಓಡಿಸಿ ನೋಡಿ. ಖಾಲಿ ಪಿಕಪ್ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ನಾನು ತಗೊಂಡ ಗಾಡಿಯವರು ಒಳ್ಳೆ ಜನ, ಪಕ್ಕದ ಅಂಗಡಿಯಿಂದ ಹಿಂಡಿ ಮೂಟೆ ಹಾಕಿಸಿ ಒಂದು ಸುತ್ತು ಹೊಡೆಯೋಕೆ ಬಿಟ್ಟರು. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು. ಗುಂಡಿ ಆಳ ಕಂಡ ಕೂಡಲೇ ಹೊಸ ಟೈರ್ ಅಂದುಕೊಳ್ಳಬೇಡಿ, ರೀಬಟನ್ (ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು) ಇರಬಹುದು, ಅಂಚಿನಲ್ಲಿ ಅಂಟಿಸಿದ ಗೆರೆ ಕಾಣುತ್ತದಾ ನೋಡಿ.

ಇನ್ನು ಕಾಗದಪತ್ರ. ಗಾಡಿ ನೋಡೋಕೆ ಹೊರಡುವ ಮೊದಲೇ ನಂಬರ್ ಕೇಳಿ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಎಫ್‌ಸಿ ಯಾವತ್ತಿನವರೆಗೆ ಇದೆ, ಇನ್ಶೂರೆನ್ಸ್ ಇದೆಯಾ, ಫೈನಾನ್ಸ್ ಇದೆಯಾ, ಮನೆಯಲ್ಲೇ ಕೂತು ಗೊತ್ತಾಗುತ್ತದೆ. ನಂಬರ್ ಕೊಡೋಕೆ ಹಿಂಜರಿಯುವವರ ಹತ್ತಿರ ನಾನು ಹೋಗಲೇ ಇಲ್ಲ. ಟ್ರಾಫಿಕ್ ಫೈನ್ ಬಾಕಿ ಎಷ್ಟಿದೆ ಅಂತಲೂ ನೋಡಿ, ಬೆಂಗಳೂರಲ್ಲಿ ಓಡಿದ ಗಾಡಿಗಳಲ್ಲಿ ಸಾವಿರಗಟ್ಟಲೆ ಇರುತ್ತದೆ. ಎಫ್‌ಸಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ. 2017ರ ಗಾಡಿ ತಗೊಂಡರೆ ಇನ್ನು ಮೇಲೆ ವರ್ಷಕ್ಕೊಂದು ಎಫ್‌ಸಿ ಖರ್ಚು ನಿಮಗೆ ಇದ್ದದ್ದೇ. ಹಳೇ ಗಾಡಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ಅಂತ ನೋಡಿ, ಇಲ್ಲದಿದ್ದರೆ ಟ್ರಾನ್ಸ್‌ಫರ್ ಅಲ್ಲೇ ನಿಲ್ಲುತ್ತದೆ.

ಪರ್ಮಿಟ್ ಬಗ್ಗೆ ಬಹಳ ಜನ ಹೆದರುತ್ತಾರೆ. ಲೋಡ್ ಸೇರಿ ಒಟ್ಟು ತೂಕ 3000 ಕೆಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ, ಆರ್‌ಸಿಯಲ್ಲೇ ಆ ತೂಕ ಬರೆದಿರುತ್ತದೆ. 1.7 ಟನ್ ಹೊರುವ ಬೊಲೆರೊ ತನ್ನ ತೂಕವೂ ಸೇರಿ ಆ ಮಿತಿ ದಾಟುತ್ತದೆ, ತಗೊಳ್ಳುವ ಮೊದಲು ನೋಡಿಕೊಳ್ಳಿ. ಲೈಸೆನ್ಸ್ ಬಗ್ಗೆಯೂ ಈಗ ಗೊಂದಲ ಇಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಐದು ಜಡ್ಜ್‌ಗಳ ಪೀಠ, ಕಾರಿನ ಎಲ್‌ಎಂವಿ ಲೈಸೆನ್ಸ್ ಇದ್ದವರು 7500 ಕೆಜಿ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಅಂತ ಹೇಳಿದೆ. ಬೇರೆ ಲೈಸೆನ್ಸ್ ಇಲ್ಲ ಅನ್ನುವ ನೆಪ ಹೇಳಿ ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿ ಹಾಕುವುದಕ್ಕೆ ಈಗ ಆಗಲ್ಲ.

ಫೈನಾನ್ಸ್ ಇರುವ ಗಾಡಿ ವಿಷಯದಲ್ಲಿ ಮಾತ್ರ ಯಾರ ಬಾಯಿ ಮಾತನ್ನೂ ನಂಬಬೇಡಿ. 'ಎರಡೇ ಕಂತು ಬಾಕಿ ಸಾರ್, ನೀವು ಅಡ್ವಾನ್ಸ್ ಕೊಟ್ಟರೆ ಕಟ್ಟಿ ಎನ್‌ಒಸಿ ತಂದುಕೊಡ್ತೀನಿ' ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಫೈನಾನ್ಸ್ ಕಂಪನಿಯ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನುವ ಪತ್ರ), ಆರ್‌ಸಿಯಿಂದ ಸಾಲದ ನಮೂದು ತೆಗೆಸೋಕೆ ಸಹಿ ಆದ ಫಾರಂ 35, ಹೆಸರು ಬದಲಿಸೋಕೆ ಫಾರಂ 29, ಫಾರಂ 30, ಇವು ಕೈಗೆ ಬಂದ ಮೇಲೆ ಪೂರ್ತಿ ದುಡ್ಡು. ಬಾಕಿ ಇದ್ದರೆ ನೀವೇ ಅವರ ಜೊತೆ ಫೈನಾನ್ಸ್ ಆಫೀಸಿಗೆ ಹೋಗಿ ಅಲ್ಲೇ ಕಟ್ಟಿ, ರಸೀದಿ ತಗೊಳ್ಳಿ. ಆಂಧ್ರ, ತಮಿಳುನಾಡು ನಂಬರಿನ ಗಾಡಿಗಳು ನಮ್ಮ ಗಡಿ ಕಡೆ ಸ್ವಲ್ಪ ಕಡಿಮೆಗೆ ಸಿಗುತ್ತವೆ, ಮದನಪಲ್ಲಿ ಕಡೆ ಹೋದರೆ ಆಸೆಯಾಗುತ್ತದೆ. ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿ ಮತ್ತೆ ಟ್ಯಾಕ್ಸ್, ಹೊಸ ನಂಬರ್, ಓಡಾಟ. ಇದೆಲ್ಲ ಕೂಡಿಸಿದರೆ ಉಳಿಯುವುದು ಏನೂ ಇಲ್ಲ. ಸಾಲ ಕಟ್ಟದ್ದಕ್ಕೆ ಜಪ್ತಿ ಮಾಡಿ ಸೀಜಿಂಗ್ ಯಾರ್ಡ್‌ನಲ್ಲಿ ನಿಲ್ಲಿಸಿ ಮಾರುವ ಗಾಡಿಗಳಿಗೂ ನಾನು ಹೋಗಲಿಲ್ಲ. ಅಲ್ಲಿ ಓಡಿಸಿ ನೋಡೋಕೆ ಬಿಡಲ್ಲ, ಇದ್ದ ಹಾಗೆ ತಗೊಂಡು ಹೋಗಬೇಕು. ಎಂಜಿನ್ ಕೆಲಸ ಸ್ವಂತ ಗೊತ್ತಿದ್ದವರಿಗೆ ಅದು ಸರಿ.

ಮಾರಿದವರು ರಾಜ್ಯದೊಳಗೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ತಗೊಂಡವರು 30 ದಿನದಲ್ಲಿ ಹೆಸರು ಬದಲಿಸಿಕೊಳ್ಳಬೇಕು. ಹೆಸರು ಬದಲಾಗದೆ ನಾಲ್ಕು ಕೈ ದಾಟಿದ ಗಾಡಿಗಳು ಎಷ್ಟಿವೆಯೋ! ಅಪಘಾತ ಆದರೆ ಕೋರ್ಟ್ ನೋಟಿಸ್ ಆರ್‌ಸಿಯಲ್ಲಿ ಹೆಸರಿರುವವರ ಮನೆಗೆ ಹೋಗುತ್ತದೆ. ಮಾರುವವರಿಗೂ ಇದನ್ನು ಬಿಡಿಸಿ ಹೇಳಿ, ಅವರೇ ಮುಂದೆ ನಿಂತು ಸಹಿ ಹಾಕುತ್ತಾರೆ. ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಈ ಸೈಜಿನ ಗೂಡ್ಸ್ ಗಾಡಿಗೆ ಥರ್ಡ್ ಪಾರ್ಟಿ ಒಂದೇ 2022ರಲ್ಲಿ ನಿಗದಿಯಾದ ದರದಂತೆ ವರ್ಷಕ್ಕೆ 16,049 ರೂಪಾಯಿ, ತೆರಿಗೆ ಬೇರೆ. ಕಾರಿನ ಇನ್ಶೂರೆನ್ಸ್ ಕಟ್ಟಿ ಗೊತ್ತಿದ್ದವರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಇದೇ ಮಾತಿಗೆ ಸೇರಿಸಿ ಹೇಳುತ್ತೇನೆ, ದಯವಿಟ್ಟು ಹಿಂದೆ ಕೂಲಿಯವರನ್ನು ತುಂಬಿಕೊಂಡು ಹೋಗಬೇಡಿ. ನಮ್ಮ ಕಡೆ ಎಲ್ಲರೂ ಮಾಡುತ್ತಾರೆ. ಗೂಡ್ಸ್ ಗಾಡಿ ಪಲ್ಟಿಯಾದರೆ ಹಿಂದೆ ಕೂತ ಹೆಂಗಸರು ಹಿಡಿದುಕೊಳ್ಳೋಕೆ ಏನೂ ಇರಲ್ಲ, ಇನ್ಶೂರೆನ್ಸೂ ನಿಮ್ಮ ಜೊತೆ ನಿಲ್ಲಲ್ಲ.

ಸಾಲ ಮಾಡಿ ತಗೊಳ್ಳುವವರು ಬಡ್ಡಿಯ ಲೆಕ್ಕ ಹಾಕಿಕೊಂಡೇ ಸಹಿ ಮಾಡಿ. ಹಳೇ ಗಾಡಿ ಸಾಲದಲ್ಲಿ 'ಹತ್ತು ಪರ್ಸೆಂಟ್ ಫ್ಲಾಟ್' ಅಂತ ಹೇಳುತ್ತಾರೆ, ಕೇಳೋಕೆ ಚೆನ್ನಾಗಿದೆ. ಮೂರು ಲಕ್ಷಕ್ಕೆ ಮೂರು ವರ್ಷ ಅಂದರೆ ಬಡ್ಡಿ 90 ಸಾವಿರ, ತಿಂಗಳ ಕಂತು 10,833. ನೀವು ಅಸಲು ತೀರಿಸುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ ಮೂರು ಲಕ್ಷದ ಮೇಲೇ ನಿಂತಿರುತ್ತದೆ. ಬ್ಯಾಂಕಿನ ರೀತಿಯಲ್ಲಿ ಲೆಕ್ಕ ಹಾಕಿದರೆ ಅದು ಹದಿನೆಂಟು ಪರ್ಸೆಂಟ್ ಹತ್ತಿರ ಬರುತ್ತದೆ. ನಾನು ಸೊಸೈಟಿ ಚಿನ್ನದ ಸಾಲ ಸ್ವಲ್ಪ ಮಾಡಿ, ಉಳಿದದ್ದು ಕೈಯಿಂದ ಹಾಕಿದೆ. ಎಲ್ಲರಿಗೂ ಅದು ಆಗಲ್ಲ, ಗೊತ್ತು.

ರೇಟ್ ಚೌಕಾಸಿಗೆ ಈಗ ಒಂದು ಒಳ್ಳೆ ಅಸ್ತ್ರ ಇದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಗೂಡ್ಸ್ ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ತೆರಿಗೆ ಸೇರಿ ಹತ್ತು ಲಕ್ಷ ಇದ್ದ ಗಾಡಿಗೆ ಅದು ಸುಮಾರು 78 ಸಾವಿರದ ಇಳಿಕೆ. ಹೊಸದು ಇಷ್ಟು ಇಳಿದಾಗ ಹಳೆಯದೂ ಇಳಿಯಬೇಕು. ಬ್ರೋಕರ್‌ಗಳು ಇನ್ನೂ ಹಳೇ ರೇಟೇ ಹೇಳುತ್ತಾರೆ. ಈ ಲೆಕ್ಕ ಮುಂದಿಟ್ಟು ಮಾತಾಡಿ, ಕೂಗಾಡುವ ಅಗತ್ಯ ಇಲ್ಲ. ಮೂರು ವರ್ಷ ಹಳೇ ಗಾಡಿಗೆ ಹೊಸದಕ್ಕಿಂತ ಒಂದೂವರೆ ಲಕ್ಷ ಮಾತ್ರ ಕಡಿಮೆ ಹೇಳುತ್ತಿದ್ದರೆ ಹೊಸದನ್ನೇ ನೋಡಿ. ಇನ್ನೊಂದು, ಟೊಮೆಟೊ ರೇಟ್ ಏರಿದ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಪಿಕಪ್ ಕೊಳ್ಳೋಕೆ ಹೋಗಬೇಡಿ, ಎಲ್ಲರ ಕೈಯಲ್ಲೂ ದುಡ್ಡು ಇರುತ್ತದೆ.

ಕೊನೆಗೆ ನಾನು ತಗೊಂಡಿದ್ದು 2017ರ ಕೊನೆಯ ಬೊಲೆರೊ ಪಿಕಪ್, 1.3 ಟನ್, ಬಿಎಸ್4, ಒಬ್ಬರೇ ಮಾಲೀಕರು, ಹಾಲಿನ ಕ್ಯಾನ್ ಹೊತ್ತ ಗಾಡಿ. 4 ಲಕ್ಷ 35 ಸಾವಿರ. ಬಾಗಿಲ ಕೆಳಗೆ ತುಕ್ಕು ಇದೆ, ಬಲಗಡೆ ಫೆಂಡರ್ ತಗ್ಗಿದೆ, ಪೇಂಟ್ ಮಾಸಿ ಹಳದಿ ತಿರುಗಿದೆ. ಇದನ್ನೇ ತೋರಿಸಿ ಹದಿನೈದು ಸಾವಿರ ಇಳಿಸಿದೆ. ಚಾಸಿ ಮೇಲೆ ಕಂಪನಿ ಪೇಂಟೇ ಇದೆ, ಒಂದು ಹೊಲಿಗೆಯೂ ಇಲ್ಲ. ತಂದ ಮೇಲೆ ಹಿಂದಿನ ಎರಡು ಟೈರ್, ಕ್ಲಚ್ ಸೆಟ್, ಎಲ್ಲ ಆಯಿಲ್, ನಾಲ್ಕು ಫಿಲ್ಟರ್, ಫ್ಯಾನ್ ಬೆಲ್ಟ್, ಬ್ರೇಕ್ ಲೈನರ್, ಬ್ಯಾಟರಿ ಹಾಕಿಸಿದೆ. ಇನ್ಶೂರೆನ್ಸ್, ಟ್ರಾನ್ಸ್‌ಫರ್ ಎಲ್ಲ ಸೇರಿ ಎತ್ತಿಟ್ಟ ದುಡ್ಡಿನಲ್ಲೇ ಮುಗಿಯಿತು, ಹತ್ತು ಸಾವಿರ ಚಿಲ್ಲರೆ ಉಳಿದಿದೆ. ಲೋಡ್ ಇದ್ದಾಗ ಲೀಟರಿಗೆ ಹನ್ನೊಂದು ಹನ್ನೆರಡು ಕೊಡುತ್ತಿದೆ. 2025ರ ಏಪ್ರಿಲ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಏರಿಸಿದ ಮೇಲೆ ಡೀಸೆಲ್ 91 ರೂಪಾಯಿ ಮುಟ್ಟಿತಲ್ಲ, ಆ ಲೆಕ್ಕದಲ್ಲಿ ಕಿಲೋಮೀಟರಿಗೆ ಎಂಟು ರೂಪಾಯಿ ಡೀಸೆಲ್ಲೇ ಆಯಿತು. ದೋಸ್ತ್ ಆಗಿದ್ದರೆ ಒಂದೂವರೆ ಎರಡು ರೂಪಾಯಿ ಉಳಿಯುತ್ತಿತ್ತು. ನಮ್ಮ ತೋಟದ ದಾರಿಗೆ ಇದೇ ಬೇಕು.

ಎಪ್ಪತ್ತಾರು ಬಾಕ್ಸ್‌ಗಿಂತ ಮೇಲೆ ನಾನು ಹಾಕಿಸಲ್ಲ. ಹಮಾಲಿಗಳು 'ಇನ್ನೂ ಇಪ್ಪತ್ತು ಹಿಡಿಯುತ್ತಣ್ಣ' ಅನ್ನುತ್ತಾರೆ, ಹಿಡಿಯುತ್ತದೆ ನಿಜ, ಉಳಿದದ್ದಕ್ಕೆ ಎರಡನೇ ಟ್ರಿಪ್ ಹೊಡೆಯುತ್ತೇನೆ. ಹಿಂದಿನ ಬಾಡಿಯ ನೆಲದ ಶೀಟ್ ಎರಡು ಕಡೆ ತೆಳ್ಳಗಾಗಿದೆ, ಎಫ್‌ಸಿಗೆ ಮೊದಲು ಬದಲಿಸಬೇಕು. ಶಿಡ್ಲಘಟ್ಟ ರಸ್ತೆಯ ಬಾಡಿ ಕಟ್ಟುವವರ ಹತ್ತಿರ ಕೇಳಿದ್ದೇನೆ, 3 ಎಂಎಂ ಶೀಟ್ ಹಾಕೋಣ ಅಂದರು, ರೇಟ್ ಇನ್ನೂ ಹೇಳಿಲ್ಲ.